ಓದೋವ್ರು, ಅರ್ಥ ಹೇಳೋವ್ರು

ನಮ್ಮ ಮಾಸ್ತರ್ ತೀರಿಕೊಂಡ್ರು. ಅವರ ನೆನಪಿಗೆ ಒಂದು ಪುಸ್ತಕ ಮಾಡ್ತಾರಂತ. ಲಿಂಗಸುಗೂರಿಂದ ಇಬ್ಬರು ಬಂದು, ಚಹಾ ಕುಡದು, "ಅಮ್ಮಾರ, ನೀವು ಅವರ ಕೈಯಾಗ ಕಲಿತವ್ರು. ಅವರು ಮಸ್ಕ್ಯಾಗಿದ್ದ ಕಾಲದ್ದು ನಾಕು ಮಾತು ಬರಕೊಡ್ರಿ" ಅಂದ್ರು. ಅದರಾಗ ಒಬ್ಬಾತ ಹೋಗೋ ಮುಂದ ಬಾಗಲದಾಗ ನಿಂತು, "ಒಳ್ಳೇದೇ ಬರೀರಿ" ಅಂದ. ಒಳ್ಳೇದು ಬರಿಯಾಕ ಅವರ ಕಡೆ ಬೇಕಾದಷ್ಟು ಮಂದಿ ಅದಾರ. ಅವರನ್ನೆಲ್ಲ ಬಿಟ್ಟು ನನ್ನ ಮನಿ ಹುಡುಕ್ಕೊಂಡು ಬಂದದ್ದು ಅವರ ಹಣೇಬರ.

ಮಾಸ್ತರ ಹೆಸರು ನಾ ಬರಿಯಾಂಗಿಲ್ಲ. ಅದು ಆ ಪುಸ್ತಕದ ಮ್ಯಾಲ ದೊಡ್ಡ ಅಕ್ಷರದಾಗ ಇದ್ದೇ ಇರ್ತೈತಿ. ಆತ, ಈತ ಅಂತ ಅನ್ನಾಕೂ ಬಾಯಿ ಬರಾಂಗಿಲ್ಲ, ಕಲಿಸಿದವರಿಗೆ ರೀ ಹಚ್ಚಿ ಮಾತಾಡಬೇಕು ಅಂತ ನಮ್ಮವ್ವ ಕಲಿಸ್ಯಾಳ. ಹಂಗಂತ ಸಿಟ್ಟು ಕಡಿಮಿ ಐತಿ ಅಂತ ತಿಳೀಬ್ಯಾಡ್ರಿ. ನಾ ಓದಿದ್ದು ನಾಕನೇ ಜಮಾತು, ಅದೂ ಅರ್ಧ. ಪುಸ್ತಕದ ಭಾಷಾ ನನಗ ಚಲೋ ತಿಳೀತೈತಿ, ಬರಿಯಾಕ ಮನಸಿಲ್ಲ. ಮಾತಾಡಿದಂಗ ಬರದೀನಿ. ತಿದ್ದೋದಿದ್ರ ತಿದ್ದಿಕೊಳ್ಳಲಿ.

ಮಾಸ್ತರ್ ಬಡಕಲು ಮನಷಾ, ದನಿ ಮಾತ್ರ ಭಾಳ ದೊಡ್ಡದು. ನಿಜಾಮನ ಕಾಲದಾಗ ರೂಮಿ ಟೋಪಿ, ಶೇರವಾನಿ ಹಾಕ್ಕೊಂಡು ಉರ್ದು ಕಲಸ್ತಿದ್ರು. ಪೋಲೀಸ್ ಆಕ್ಷನ್ ಆದ ವಾರದಾಗೇ ರೂಮಿ ಟೋಪಿ ಪೆಟಗಿ ಸೇರ್ತು, ಬಿಳೀ ಟೋಪಿ ತಲಿ ಏರ್ತು. ಶೇರವಾನಿ ಹೊಸಾದಿತ್ತು, ಅದನ್ನ ಬಿಡಾಕ ಜೀವ ಒಪ್ಪಲಿಲ್ಲ. ಹಿಂಗಾಗಿ ಸುಮಾರು ದಿನ ಮ್ಯಾಲ ಹೊಸ ಸರಕಾರ, ಕೆಳಗ ಹಳೇ ಸರಕಾರ ಆಗಿ ಅಡ್ಡಾಡಿದ್ರು. ನಮ್ಮಪ್ಪನ ಅವ್ವ, ನಮ್ಮ ಆಯಿ, ಕಟ್ಟಿ ಮ್ಯಾಲ ಕುಂತು ನೋಡಿ, "ಗಾಳಿ ಎತ್ತಾಗ ಬೀಸಾಕತ್ತೈತಿ ಅಂತ ಈ ಮಾಸ್ತರ ತಲಿ ನೋಡಿ ಹೇಳಬೌದು" ಅಂತಿದ್ಲು. ಆಯಿ ಸಾಲಿ ಮೆಟ್ಟಲಾ ಹತ್ತಿದಾಕಿ ಅಲ್ಲ, ಮನಷಾರನ್ನ ಓದೋದು ಮಾತ್ರ ಆಕಿಗೆ ಚಲೋ ಬರ್ತಿತ್ತು.

ಸಾಲಿಗೆ ಸ್ವಂತ ಜಾಗ ಇರಲಿಲ್ಲ. ಮಠದ ಪಡಸಾಲ್ಯಾಗ ನಡೀತಿತ್ತು. ಮಾಸ್ತರ್ ಇದ್ದ ಖೋಲಿ ಮಠದ್ದು, ಉಣ್ಣೋ ರೊಟ್ಟಿ ಮಠದ್ದು. ಉರ್ದು ಹೋಗಿ ಕನ್ನಡ ಪುಸ್ತಕ ಬಂದ್ವು. ಅವರಿಗೂ ಹೊಸಾದು, ನಮಗೂ ಹೊಸಾದು. ಆ ಪುಸ್ತಕದಾಗಿನ ಕನ್ನಡ ನಮ್ಮ ಮನ್ಯಾಗ ಯಾರೂ ಮಾತಾಡೋ ಕನ್ನಡ ಅಲ್ಲ. ಆದ್ರೂ ಓದ್ತಿದ್ದೆವು, ಪ್ಯಾಟ್ಯಾಗ ಕುಂತವರಿಗೆ ಕೇಳಬೇಕು ಹಂಗ ಒದರಿ ಓದ್ತಿದ್ದೆವು. ಅಂಗಡ್ಯಾಗಿನ ಮಂದಿ "ಈ ವರ್ಷ ಸಾಲಿ ಜೋರು ನಡದೈತಿ" ಅಂತ ಖುಷಿ ಪಡ್ತಿದ್ರು. ಸಪ್ಪಳ ಇದ್ರ ವಿದ್ಯಾ ಐತಿ ಅನ್ನೋ ಮಂದಿ ಅವ್ರು.

ಬ್ಯಾರೆ ಮಾಸ್ತರ್ ಆಗಿದ್ರ ಇಷ್ಟಕ್ಕ ಬಿಡ್ತಿದ್ರು. ಇವ್ರು ಬಿಡಲಿಲ್ಲ. ಒಂದಿನ ಹುಲಿ ಪಾಠ ಓದಿ ಮುಗಿಸಿದ ಹುಡುಗನ್ನ ನಿಂದ್ರಿಸಿ, "ಹುಲಿ ಎಲ್ಲಿತ್ತಪಾ?" ಅಂತ ಕೇಳಿದ್ರು. ಆತ ಗಡಬಡಿಸದ, "ಪಾಠದಾಗ್ರೀ" ಅಂದ. ನಾವ್ಯಾರೂ ನಗಲಿಲ್ಲ, ಯಾಕಂದ್ರ ನಮಗೆಲ್ಲರಿಗೂ ಅದು ಬರೋಬ್ಬರಿ ಉತ್ತರಾನೇ ಅನಿಸಿತ್ತು. ಮಾಸ್ತರ್ ಛಡಿ ಎತ್ತಿದವ್ರು ಕೆಳಗಿಟ್ರು. ಅವತ್ತಿಂದ ಅವರಿಗೆ ಅದೇ ಹುಚ್ಚು ಹಿಡೀತು.

ಮೊದಲು ಅರ್ಥ ಬಾಯಿಪಾಠ ಮಾಡಿಸಿದ್ರು. ಒಂದು ಮಾತು ಪುಸ್ತಕದ್ದು, ಅದರ ಬೆನ್ನಿಗೆ ಒಂದು ಮಾತು ಮನೀದು. ಉರ್ದು ಸಬಕ್ ಹಂಗೇ ಕಲಿಸಿದ್ರಂತ, ಇದಕ್ಕೂ ಅದೇ ಮದ್ದು ಹಚ್ಚಿದ್ರು. ಒಂದರ ಬದಲಿಗೆ ಎರಡು ಒದರಾಕ ಶುರು ಮಾಡಿದೆವು, ಅಷ್ಟೇ ಫರಕು. ನಡುವಿನ ಮಾತು ಕೇಳಿದ್ರ ಮತ್ತ ಮೊದಲಿಂದ ಒದರಿಕೋಂತ ಬರಬೇಕಾಗ್ತಿತ್ತು. ಆಮ್ಯಾಲ ಸಾವಕಾಶ ಓದ್ರಿ ಅಂದ್ರು. ಸಾವಕಾಶ ಓದಿದೆವು. ತಿಳೀದ್ದು ಸಾವಕಾಶ ಓದಿದ್ರ ತಿಳೀತೈತೇನು? ಏನು ಕೇಳಿದ್ರೂ ನಾವೆಲ್ಲಾರೂ ಅವರ ಮುಖ ನೋಡ್ತಿದ್ದೆವು. ಅವರಿಗೆ ತಲಿ ಕೆಟ್ಟು, "ನನ್ನ ಮಾರಿ ಮ್ಯಾಲ ಬರದೈತೇನು?" ಅಂತಿದ್ರು.

ಇಲ್ಲಿ ನಮ್ಮ ಮಠದ ಪುರಾಣದ ಮಾತು ಹೇಳಬೇಕು. ಶ್ರಾವಣ ಬಂದ್ರ ದಿನಾ ದೀಪ ಹಚ್ಚೋ ಹೊತ್ತಿಗೆ ಮಠದಾಗ ಪುರಾಣ. ಎದುರಾಬದರಾ ಎರಡು ಮಣಿ ಹಾಕಿರ್ತಾರ. ಒಂದರ ಮ್ಯಾಲ ಓದೋವ್ರು ಕುಂದ್ರತಾರ, ಇನ್ನೊಂದರ ಮ್ಯಾಲ ಅರ್ಥ ಹೇಳೋವ್ರು. ಓದೋವ್ರು ರಾಗ ಮಾಡಿ ಒಂದು ಪದ್ಯ ಓದಿ ನಿಲ್ಲಸ್ತಾರ. ಅಲ್ಲಿಗೆ ಅವರ ಕೆಲಸ ಮುಗೀತು. ಅದರ ಅರ್ಥ ಎದುರಿಗಿನವರು ಬಿಡಿಸಿ ಹೇಳ್ತಾರ. ಓದಿದವರು ಅರ್ಥ ಹೇಳಿದ್ರ ಅದು ಅಧಿಕಪ್ರಸಂಗ. ಅರ್ಥ ಹೇಳೋ ಮಣಿ ಮ್ಯಾಲ ನಮ್ಮೂರಾಗ ಒಬ್ಬ ಶಾಸ್ತ್ರಿಗಳು ಇದ್ರು, ಹಿರೇರು, ಮಠದಾಗ ಅವರ ಮಾತೇ ಮಾತು. ದನಿ ಚಲೋ ಐತಿ ಅಂತ ಮಾಸ್ತರ್ನ ಓದೋ ಮಣಿ ಮ್ಯಾಲ ಕುಂದ್ರಿಸಿದ್ರು.

ಆ ಶ್ರಾವಣದಾಗ ಒಂದಿನ ಪುರಾಣ ಮುಗಿಸಿ ಹೊಂಟಾಗ, ಪಾಮನಕಲ್ಲೂರಿಂದ ಬಂದಿದ್ದ ಒಬ್ಬ ಹೆಣಮಗಳು ಮಾಸ್ತರ್ನ ತಡದು, "ಯಪ್ಪಾ, ನಂಗ ಜರ ನಿದ್ದಿ ಹತ್ತಿತ್ತು. ಆ ರಾಜಾ ಕಡೀಕ ಏನಾದ್ರಿ?" ಅಂತ ಕೇಳಿದ್ಲಂತ. ಮಾಸ್ತರ್ಗೆ ಗೊತ್ತಿರಲಿಲ್ಲ. ಆಗಷ್ಟೇ ಗಂಟಲ ಹರಕೊಂಡು ಓದಿದ್ದು ಅವರೇ. "ಶಾಸ್ತ್ರಿಗಳನ್ನ ಕೇಳವ್ವ" ಅಂದು ಖೋಲಿಗೆ ಹೋದ್ರಂತ. ಮರುದಿನ ಸಾಲ್ಯಾಗ ಇದನ್ನ ನಮ್ಮ ಮುಂದ ಅವರೇ ಹೇಳಿದ್ರು, ಮುಚ್ಚಿಡಲಿಲ್ಲ. ಹೇಳಿ, "ಈಗ ನೀವು ಹೇಳ್ರಿ, ಅರ್ಥ ಕೇಳಿದ್ರ ನನ್ನ ಮಾರಿ ಯಾಕ ನೋಡ್ತೀರಿ?" ಅಂದ್ರು.

ನಾನೇ ಎದ್ದು ನಿಂತು, "ನಾವು ಓದೋವ್ರು ಮಾಸ್ತರ್ರೀ. ಅರ್ಥ ಹೇಳೋದು ನಿಮ್ಮ ಕೆಲಸರಿ" ಅಂದೆ.

ಮಾಸ್ತರ್ ಮುಂದ ಲಿಂಗಸುಗೂರಾಗ ಭಾಷಣ ಮಾಡೋ ಮುಂದ, "ಈ ವಿಚಾರ ನನಗ ಒಂದಿನ ತಾನಾಗೇ ಹೊಳೀತು" ಅಂತ ಹೇಳ್ತಿದ್ರಂತ. ಹೊಳೀಲಿ ಬಿಡ್ರಿ. ಒಂಬತ್ತು-ಹತ್ತು ವರ್ಷದ ಹುಡುಗಿ ಹೇಳಿದ್ದು ಅಂತ ಅಂದ್ರ ದೊಡ್ಡ ಮಂದಿ ಕುಂತ ಸಭಾದಾಗ ಇಜ್ಜತ್ ಹೋಗ್ತಿತ್ತೋ ಏನೋ.

ಮರುದಿನ ಸಾಲ್ಯಾಗ ಇದ್ದ ಒಂದೇ ಖುರ್ಚಿ ನಡುವ ಹಾಕಿ ನನ್ನ ಅದರ ಮ್ಯಾಲ ಕುಂದ್ರಿಸಿದ್ರು. ತಾವು ಪುಸ್ತಕ ತಗೊಂಡು ಕೆಳಗ ಚಾಪಿ ಮ್ಯಾಲ ಕುಂತ್ರು. "ಇವತ್ತಿಂದ ಓದಾಂವ ನಾನು, ಅರ್ಥ ಹೇಳಾಕಿ ನೀನು" ಅಂದ್ರು. ನನ್ನ ಕಾಲು ನೆಲಕ್ಕ ಹತ್ತಲಿಲ್ಲ. ಅವರು ಒಂದು ಮಾತು ಓದಿ ನಿಲ್ಲಸ್ತಿದ್ರು. ನಿಲ್ಲಿಸಿದ ಕೂಡ್ಲೇ ನಾವು ಹೇಳಬೇಕು, ಮನ್ಯಾಗ ಅವ್ವನ ಮುಂದ ಹೇಳಿದಂಗ. ತಿಳೀದಿದ್ರ "ಇನ್ನೊಮ್ಮೆ ಓದ್ರಿ ಮಾಸ್ತರ್ರೀ" ಅನ್ನಬೇಕು. ಎಷ್ಟು ಸಲ ಅಂದ್ರೂ ಸಿಟ್ಟು ಮಾಡ್ಕೋತಿರಲಿಲ್ಲ. ತಿಳಿದಂಗ ನಾಟಕ ಮಾಡಿದ್ರ ಮಾತ್ರ, "ಎಲ್ಲೈತಿ, ತೋರಿಸು" ಅಂತ ಪುಸ್ತಕ ಮುಂದ ಹಿಡೀತಿದ್ರು. "ಪುಸ್ತಕದಾಗ ಏನೈತಿ ಅದನ್ನ ಹೇಳ್ರಿ. ಮಂದಿ ಹೇಳಿದ್ದು ಬ್ಯಾಡ. ಯಾರಿಗೂ ಹೆದರಬ್ಯಾಡ್ರಿ, ನನಗೂ ಹೆದರಬ್ಯಾಡ್ರಿ." ಇದು ಅವರ ಮಾತು. ಇದನ್ನೂ ಆ ಪುಸ್ತಕದಾಗ ಯಾರಾರ ಬರದಿರ್ತಾರ.

ಸರದಿ ಮ್ಯಾಲ ಎಲ್ಲಾರೂ ಖುರ್ಚಿ ಹತ್ತಿದೆವು. ಹುಲಿ ಪಾಠದ ಹುಡುಗನೂ ಹತ್ತಿದ, ಹುಲಿ ಅಡವ್ಯಾಗಿತ್ತು ಅಂತ ಕಂಡುಹಿಡದ. ವರ್ಷ ತುಂಬೋದ್ರಾಗ ನನಗ ಕಂಡಕಂಡದ್ದೆಲ್ಲಾ ತಿಳಿಯಾಕ ಹತ್ತಿತು. ನಮ್ಮಪ್ಪಂದು ಕಿರಾಣಿ ಅಂಗಡಿ. ಪುಡಿಕಿ ಕಟ್ಟೋ ಹಳೇ ಪೇಪರ್ ತಗೊಂಡು ಓದಿ, ಎಲ್ಲಿ ಹೊಳಿ ಬಂತು, ಎಲ್ಲಿ ರೈಲು ಬಿತ್ತು ಅಂತ ಆಯಿಗೆ ಹೇಳ್ತಿದ್ದೆ. ಸುಳ್ಳ್ಯಾಕ ಹೇಳ್ಲಿ, ಅಂಥ ಮಾಸ್ತರ್ ನಮ್ಮ ಕಡೆ ಇನ್ನೊಬ್ಬರು ಬರಲಿಲ್ಲ. ಬರೀ ದಡ್ಡ ಮಾಸ್ತರ್ ಆಗಿದ್ರ ನಾ ಯಾವಾಗೋ ಮರತು ಬಿಡ್ತಿದ್ದೆ.

ನಮ್ಮಪ್ಪಗ ಲೆಕ್ಕ ಬಿಟ್ರ ಅಕ್ಷರ ಬರ್ತಿರಲಿಲ್ಲ. ನಮ್ಮ ಸೋದರತ್ತಿ ಲಿಂಗಸುಗೂರಾಗಿದ್ಲು. ನಾಕನೇದು ಮುಗಿದ ಮ್ಯಾಲ ನನ್ನ ಅಲ್ಲಿಟ್ಟು ಮಿಡಲ್ ಸಾಲಿಗೆ ಹಾಕೋಣು ಅಂತ ಅತ್ತಿ ಬೆನ್ನು ಹತ್ತಿದ್ಲು. ಹೆಣ್ಣುಡುಗೀನ ಊರು ಬಿಡಿಸಿ ಓದಿಸೋದು ಆವಾಗ ಹುಡುಗಾಟ ಅಲ್ಲ. ಅಪ್ಪ ಯೋಚನಿ ಮಾಡಿ, "ನನಗೇನು ತಿಳೀತೈತಿ? ಆಕಿಗೆ ವಿದ್ಯಾ ಹತ್ತೈತಿ ಅಂತ ಮಾಸ್ತರ್ ಹೇಳಲಿ, ಕಳಸ್ತೀನಿ. ಇಲ್ಲಾಂದ್ರ ಇಲ್ಲ" ಅಂದ. ಮಾಸ್ತರ್ ಬಾಯಿಂದ ಒಂದು ಮಾತು ಬರಬೇಕಿತ್ತು, ಅಷ್ಟೇ. ಅದು ಬಂದೇ ಬರ್ತೈತಿ ಅಂತ ನಾನು ಅತ್ತಿ ಕೊಟ್ಟ ಟ್ರಂಕಿಗೆ ಬಣ್ಣ ಹಚ್ಚಿಸಿಕೊಂಡು ಕುಂತಿದ್ದೆ.

ಮತ್ತ ಶ್ರಾವಣ ಬಂತು. ನಾನು ಆಯಿ ಜೋಡಿ ಹೆಂಗಸರ ಕಡೆ ಕುಂತಿದ್ದೆ. ಅವತ್ತಿನ ಕತಿಯಾಗ ಬರಗಾಲ ಬಿದ್ದಿತ್ತು. ಮಾಸ್ತರ್ ರಾಗ ಎಳದು ಪದ್ಯ ಓದಿದ್ರು, ನಿಲ್ಲಿಸಿದ್ರು. ಮಾಸ್ತರ್ ದನಿ ನಿಂತ ಕೂಡ್ಲೇ ಅರ್ಥ ಹೇಳಬೇಕು ಅಂತ ವರ್ಷಪೂರ್ತಿ ರೂಢಿ ಮಾಡಿಸಿದ್ರಲ್ಲ, ನನ್ನ ಬಾಯಿ ನನ್ನ ಕೇಳಲಿಲ್ಲ. "ಗುರುಗಳು ಮಠದ ಹಗೇವು ತಗಸಿ, ಅದರಾಗಿನ ಜ್ವಾಳ ಊರ ಮಂದಿಗೆ ಹಂಚಿದ್ರು" ಅಂತ ಗಟ್ಟಿಯಾಗಿ ಹೇಳಿಬಿಟ್ಟೆ. ನೆಲದಾಗ ತಗ್ಗು ತೋಡಿ ಕಾಳು ತುಂಬಿಡೋದಕ್ಕ ನಾವು ಹಗೇವು ಅಂತೀವಿ.

ಮಂದಿ ಹೊಳ್ಳಿ ನೋಡಿದ್ರು. ಶಾಸ್ತ್ರಿಗಳು ಬಾಯಿ ತಗದವರು ಹಂಗೇ ಇದ್ರು. ಅವರು ವರ್ಷಾ ಆ ಪದ್ಯಕ್ಕ ಹೇಳ್ತಿದ್ದ ಅರ್ಥ ಬ್ಯಾರೆ ಇತ್ತು. "ಮಗು ತಿಳೀದ ಅಂತೈತಿ. ಊರ ಮಂದಿ ತಮ್ಮ ತಮ್ಮ ಹಗೇವು ತಗದು ಗುರುವಿಗೆ ಅರ್ಪಿಸಿದ್ರು. ಅದಕ್ಕೇ ಭಕ್ತರು ರಾಶಿ ಆದ ಮ್ಯಾಲ ಮಠವನ್ನ ಮರೀಬಾರದು" ಅಂದ್ರು. ಪ್ರತಿ ವರ್ಷ ಆ ಮಾತು ಕೇಳಿ ಮಂದಿ ಗಾಡಿಗಟ್ಲೆ ಜ್ವಾಳ ತಂದು ಹಾಕ್ತಿದ್ರು.

"ಇಲ್ರೀ, ಅದರಾಗ ಹಂಗಿಲ್ರಿ" ಅಂದೆ. ಆಯಿ ನನ್ನ ಲಂಗ ಹಿಡದು ಜಗ್ಗಿದ್ಲು. ನಾ ಕುಂದ್ರಲಿಲ್ಲ. ಶಾಸ್ತ್ರಿಗಳ ಕೂಡ ವಾದ ಮಾಡಬೇಕು ಅಂತ ನನಗೆಲ್ಲಿತ್ತು? ಸಾಲ್ಯಾಗ ಅಂದಂಗ, "ಇನ್ನೊಮ್ಮೆ ಓದ್ರಿ ಮಾಸ್ತರ್ರೀ" ಅಂದೆ.

ಮಾಸ್ತರ್ ಪುಸ್ತಕ ನೋಡಿದ್ರು. ಅವರ ಕಣ್ಣು ಆ ಸಾಲಿನ ಮ್ಯಾಲ ಹೋಗಿ ಬಂದದ್ದನ್ನ ನಾ ನೋಡೀನಿ. ಶಾಸ್ತ್ರಿಗಳು, "ಏನು ಮಾಸ್ತರ್, ಮಠದ ಜಾಗದಾಗ ಕುಂದ್ರಿಸಿಕೊಂಡು ನೀವು ಕಲಸೋದು ಇದೇನು?" ಅಂದ್ರು.

"ಹುಡುಗಿ ತಿಳೀದ ಮಾತಾಡ್ಯಾಳ್ರೀ, ಹೊಟ್ಟ್ಯಾಗ ಹಾಕ್ಕೊಳ್ರಿ" ಅಂದು ಮಾಸ್ತರ್ ಮುಂದಿನ ಪದ್ಯಕ್ಕ ಹೋದ್ರು. ಅವತ್ತಿನ ರಾಗ ಎಂದಿಗಿಂತ ಚಲೋ ಬಂದಿತ್ತು ಅಂತ ಆಮ್ಯಾಲ ಮಂದಿ ಆಡಿಕೊಂಡ್ರು.

ಅದನ್ನ ನಾ ಬಿಟ್ಟೆ. ಖರೇನೇ ಹೇಳಾಕತ್ತೀನಿ. ತುಂಬಿದ ಸಭಾದಾಗ, ಅನ್ನ ಹಾಕೋ ಮಠದಾಗ, ಅಂಥಾ ಹಿರೇರ ಎದುರಿಗೆ ಬಡ ಮಾಸ್ತರ್ ಏನು ಮಾಡ್ಯಾರು ಅಂತ ಸಣ್ಣ ವಯಸ್ಸಿನಾಗೂ ನನಗ ಅನಿಸಿತ್ತು. ಮರುದಿನ ಅಪ್ಪ ಮಾಸ್ತರ್ನ ಅಂಗಡಿಗೆ ಕರಸಿದ. ಗಿರಾಕಿ ಇಲ್ಲದ ಮಧ್ಯಾಹ್ನ. ನಾ ಒಳಗ ಬೆಲ್ಲದ ಪೆಂಟಿ ಹಿಂದ ಕುಂತಿದ್ದೆ. ಅಪ್ಪ ಬಾಗಲ ಮುಂದ ಮಾಡಿ, ಚಹಾ ಕೊಟ್ಟ.

"ಮಾಸ್ತರ್ರೀ, ಇಲ್ಲಿ ಯಾರೂ ಇಲ್ಲ. ಶಾಸ್ತ್ರಿಗಳು ತಪ್ಪು ಅಂತ ನಾನೂ ಎಲ್ಲೂ ಆಡಾಂಗಿಲ್ಲ, ಸ್ವಾಮಿ ಆಣಿ. ಪುಸ್ತಕದಾಗ ಏನೈತಿ ಅಂತ ನನಗೊಬ್ಬಗ ಹೇಳ್ರಿ ಸಾಕು. ಆಕಿ ಹೇಳಿದ್ದು ಖರೆ ಇದ್ರ, ಊರು ಏನರ ಅನ್ನಲಿ, ಲಿಂಗಸುಗೂರಿಗೆ ಕಳಸ್ತೀನಿ."

ಮಾಸ್ತರ್ ಬಸಿಯಾಗ ಚಹಾ ಸುರುವಿಕೊಂಡ್ರು, ಊದಿದ್ರು, ಕುಡದ್ರು. "ಹುಡುಗಿ ಚುರುಕು ಐತ್ರಿ ಸಾವ್ಕಾರ್ರ. ಓದೋದು ಚಲೋ ಓದ್ತಾಳ. ಖರೆ, ತಿಳವಳಿಕಿ ಅನ್ನೋದು ಇನ್ನಾ ಬಂದಿಲ್ರಿ. ಶಾಸ್ತ್ರಿಗಳು ಹೇಳಿದ್ದೇ ಬರೋಬ್ಬರಿ ಐತ್ರಿ."

ಅಪ್ಪ ತಕ್ಕಡಿ ಸರಿಸಿಟ್ಟ. "ಇಷ್ಟು ವರ್ಷ ಕಲ್ತೂ ತಿಳವಳಿಕಿ ಬರಲಿಲ್ಲ ಅಂದ್ರ, ಇನ್ನ ಕಳಿಸಿ ಏನು ಫಾಯದೆ?" ಅಂದ. ದನಿಯಾಗ ಸಿಟ್ಟಿರಲಿಲ್ಲ, ಸೋತಂಗಿತ್ತು. ಮಾಸ್ತರ್ ಬೇಕಾದ್ರ ಆವಾಗಾದ್ರೂ ಒಂದು ಮಾತು ಅನ್ನಬೌದಿತ್ತು. ಕಳಸ್ರಿ, ಕಲೀತಾಳ ಅಂದಿದ್ರೂ ಸಾಕಿತ್ತು.

"ಅದು ನಿಮ್ಮ ಇಷ್ಟರಿ" ಅಂದ್ರು. ಬಸಿ ಒರಸಿಟ್ಟು ಎದ್ದು ಹೋದ್ರು.

ನಾ ಸಾಲಿ ಬಿಟ್ಟೆ. ಟ್ರಂಕಿನ್ಯಾಗ ಅವ್ವ ಹಪ್ಪಳ ಇಟ್ಲು. ಮಠ ನಮ್ಮ ಮನಿ ಹಿಂದಿನ ಓಣ್ಯಾಗೇ ಇತ್ತು, ಬೀಸಾಕ ಕುಂತ್ರ ಮಾಸ್ತರ್ ಓದೋದು ಕೇಳ್ತಿತ್ತು. ದನಿ ನಿಂತ ಕೂಡ್ಲೇ ನನ್ನ ಕೈ ನಿಲ್ತಿತ್ತು, ಬಾಯಾಗ ಅರ್ಥ ಬರ್ತಿತ್ತು. ಅಲ್ಲಿ ಖುರ್ಚಿ ಮ್ಯಾಲಿನ ಹುಡುಗ ತೊದಲಿದ್ರ ನನಗ ಇಲ್ಲಿ ಅಳು ಬರ್ತಿತ್ತು. ಅವ್ವ "ಬೀಸಬೇ" ಅಂದ್ರ ಮತ್ತ ಬೀಸ್ತಿದ್ದೆ.

ಅವರಿಗೆ ಮಾತ್ರ ಯಾವುದೂ ನಿಲ್ಲಲಿಲ್ಲ. ಮರುವರ್ಷ ಲಿಂಗಸುಗೂರಿಗೆ ವರ್ಗ ಆತು, ಬಡ್ತಿ ಮ್ಯಾಲ. ಮಾಸ್ತರ್ ಕೆಳಗ, ಮಕ್ಕಳು ಖುರ್ಚಿ ಮ್ಯಾಲ ಅನ್ನೋದನ್ನ ನೋಡಾಕ ಹಟ್ಟಿ, ಸಿಂಧನೂರಿಂದ ಬ್ಯಾರೆ ಮಾಸ್ತರ್ಗೋಳು ಬರಾಕ ಹತ್ತಿದ್ರು. ಮಕ್ಕಳಿಗೆ ಓದಿದ್ದು ಯಾಕ ತಿಳಿಯಾಂಗಿಲ್ಲ ಅಂತ ಇವರು ಊರೂರು ತಿರುಗಿ ಹೇಳಿದ್ರು. ಪಾಮನಕಲ್ಲೂರಿನ ಹೆಣಮಗಳ ಕತಿ ಹೇಳಿ ತಮ್ಮನ್ನ ತಾವು ನಗೆ ಮಾಡ್ಕೋತಿದ್ರಂತ, ಮಂದಿ ಅವರ ದೊಡ್ಡ ಗುಣ ಅಂತ ಚಪ್ಪಾಳಿ ಹೊಡೀತಿದ್ರಂತ. ಬರಗಾಲದ ಪದ್ಯದ ಕತಿ ಒಂದ್ಸಲನೂ ಹೇಳಿದ್ದು ನಾ ಕೇಳಿಲ್ಲ. ಸಾಲಿ ಉಳಿಸಾಕ ಹಂಗ ಅಂದಿರಬೇಕು, ಇಲ್ಲಾಂದ್ರ ಮಠದವರು ಅಷ್ಟೂ ಮಕ್ಕಳನ್ನ ಬೀದಿಗೆ ಹಾಕ್ತಿದ್ರು ಅಂತ ನಮ್ಮ ಸೋದರತ್ತಿ ಅವರ ಪರ ಮಾತಾಡ್ತಿದ್ಲು. ಇರಲಿ. ಅಂಗಡ್ಯಾಗ ಯಾವ ಮಠದವರಿದ್ರು? ಅಲ್ಲಿದ್ದದ್ದು ಅಕ್ಷರ ಬರದ ನಮ್ಮಪ್ಪ, ಕೈ ಮುಗಿಯೋದೊಂದು ಬಾಕಿ ಇಟ್ಟು ಕೇಳಿದ್ದ.

ನನ್ನ ಸಿಂಧನೂರಿಗೆ ಕೊಟ್ರು. ಜವಳಿ ಅಂಗಡಿ ಮನಿ. ನಮ್ಮ ಮಾವ ಪೇಪರ್ ತರಸ್ತಿದ್ರು, ಕಣ್ಣು ಮಂಜಾದ ಮ್ಯಾಲ ನನ್ನ ಕೈಲೆ ಓದಿಸ್ತಿದ್ರು. ಓಣಿ ಹೆಂಗಸರು, ಅಂಗಡಿ ಆಳುಗೋಳು ಸುತ್ತ ಕುಂದ್ರತಿದ್ರು. ನಮ್ಮ ಜಿಲ್ಲಾ ಹೈದರಾಬಾದು ಬಿಟ್ಟು ಮೈಸೂರಿಗೆ ಕೂಡೋ ಸುದ್ದಿ ಬರಾಕತ್ತಿದ್ದ ದಿನ ಅವು. ಒಂದು ಮುಂಜಾನೆ ನಾ ಅದನ್ನೇ ಓದಿ, ಇನ್ನ ಮ್ಯಾಲ ಕಚೇರ್ಯಾಗ ಯಾವ ಭಾಷಾದಾಗ ಅರ್ಜಿ ಕೊಡಬೇಕು ಅಂತ ಬಿಡಿಸಿ ಹೇಳಾಕತ್ತಿದ್ದೆ. ಬಾಗಲದಾಗ ಯಾರೋ ನಿಂತಂಗಾತು. ನಮ್ಮ ಮನಿಯವ್ರು ಒಬ್ಬ ಸಾಹೇಬ್ರನ್ನ ಕರಕೊಂಡು ಬಂದಿದ್ರು. ಸಾಲಿ ತನಿಖಿಗೆ ಬಂದವ್ರು, ಚಹಾಕ್ಕ ಕರದಿದ್ರು. ನೋಡಿದ್ರ ಮಾಸ್ತರ್.

ನಾ ಎದ್ದು ಸೆರಗು ಹೊದ್ದು ಕಾಲಿಗೆ ಬಿದ್ದೆ. ಮಸ್ಕಿ ಕಿರಾಣಿ ಅಂಗಡಿ ಸಾವ್ಕಾರ್ರ ಮಗಳು ಅಂತ ಹೇಳಿದ ಮ್ಯಾಲ ಅವರಿಗೆ ಗುರ್ತು ಹತ್ತಿತು. ಮುಖ ಅರಳಿತು. "ನೋಡ್ರಿ ಸಾವ್ಕಾರ್ರ, ಇದು ನಾ ಹೇಳೋ ಪದ್ಧತಿ. ಇಕಿ ನನ್ನ ಕೈಯಾಗ ಕಲಿತಾಕಿ. ಎಷ್ಟು ಚಂದ ಬಿಡಿಸಿ ಹೇಳಾಕತ್ಯಾಳ" ಅಂತ ನಮ್ಮ ಮಾವನ ಮುಂದ ಹಿಗ್ಗಿದ್ರು. ಸುಳ್ಳು ಹಿಗ್ಗಲ್ಲ ಅದು, ಕಣ್ಣಾಗ ನೀರು ಬಂದಿದ್ವು. ಚಹಾ ಕೊಟ್ಟೆ. ಬಸಿಯಾಗ ಸುರುವಿಕೊಂಡು, ಊದಿ, ನನ್ನ ಕಡೆ ನೋಡಿ ಭಾಳ ಅಂತಃಕರಣದಿಂದ ಕೇಳಿದ್ರು:

"ಇಷ್ಟು ಶಾಣ್ಯಾ ಇದ್ದಿ. ಯಾಕವ್ವ, ಮುಂದ ಓದಲಿಲ್ಲ?"

ನಾ ಅವರ ಮುಖ ನೋಡಿದೆ. ಚ್ಯಾಷ್ಟಿ ಇರಲಿಲ್ಲ, ನಾಚಿಕಿ ಇರಲಿಲ್ಲ, ಅಳುಕೂ ಇರಲಿಲ್ಲ. ಅವರು ಪೂರಾ ಮರತಿದ್ರು.

"ನೀವೇ ಹೇಳಿದ್ರಲ್ರೀ ಮಾಸ್ತರ್ರೀ, ನನಗ ತಿಳವಳಿಕಿ ಬಂದಿಲ್ಲ ಅಂತ" ಅಂದೆ.

ಮಾಸ್ತರ್ ನಕ್ಕರು. ನಮ್ಮ ಮನಿಯವ್ರ ಕಡೆ ತಿರುಗಿ, "ಕೇಳಿದ್ರೇನ್ರಿ? ಇಂಥ ವಿನಯ ಈಗಿನ ಹುಡುಗರಾಗ ಎಲ್ಲೈತ್ರಿ?" ಅಂದ್ರು. ಚಹಾ ಮುಗಿಸಿ, ಅಡಿಕಿ ಬಾಯಾಗ ಹಾಕ್ಕೊಂಡು ಹೊಂಟ್ರು. ಗೊರೇಬಾಳದ ಸಾಲ್ಯಾಗ ಅವತ್ತು ಮಾಸ್ತರ್ಗೋಳೆಲ್ಲಾ ಕೂಡಿದ್ರಂತ. ಮಕ್ಕಳ ಮಾತು ಹೆಂಗ ತಿಳಕೋಬೇಕು ಅಂತ ಇವರು ಅಲ್ಲಿ ಹೇಳಬೇಕಿತ್ತು.